ತಿರುಗಿ ಬಾರದ ವೀಳ್ಯ

ಕೆಳಗಿನ ಮನೆಯವರು ಇವತ್ತು ಒಣ ಶೆಟ್ಲಿ ಹುರಿಯುತ್ತಿದ್ದಾರೆ. ಕುಮಟೆಯಲ್ಲಿ ಈ ವಾಸನೆ ಯಾರಿಗೂ ಹೊಸದಲ್ಲ. ಒಣಗಿಸಿದ ಈ ಸಣ್ಣ ಸಿಗಡಿ ಬಾಣಲೆಗೆ ಬಿದ್ದರೆ ಆಚೀಚೆಯ ಮನೆಯವರಿಗೆಲ್ಲ ಹಸಿವಾಗುತ್ತದೆ. ನನಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ, ಮೂಗಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಏನೋ ಸುಡ್ಲಿಕ್ಕತ್ತದಲ್ರೀ!" ಎಂದು ನನ್ನ ಅಡುಗೆಮನೆಗೆ ಓಡಿಬಂದ ಒಬ್ಬ ಹೆಂಗಸಿನ ನೆನಪಾಗುತ್ತದೆ. ಏನೂ ಸುಡುತ್ತಿಲ್ಲ, ಇದು ಚಟ್ನಿಗೆ ಎಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಮನೆಗೇ ಬೆಂಕಿ ಬಿದ್ದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ...

ಊರಿನವರು ಅವರನ್ನು ಪುಣೆಯಮ್ಮ ಎನ್ನುತ್ತಿದ್ದರು. ಪುಣೆಯಿಂದ ಬಂದವರು, ಆದ್ದರಿಂದ ಪುಣೆಯಮ್ಮ. ನಿಜವಾದ ಹೆಸರು ಯಾರ ನಾಲಗೆಗೂ ಹೊಂದಲಿಲ್ಲ. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ ಹಾಗೆಯೇ ಕರೆದೆ.

ಐವತ್ತರ ದಶಕ ಮುಗಿದು ಅರವತ್ತು ಹಿಡಿದಿದ್ದ ಕಾಲ. ಹೊನ್ನಾವರಕ್ಕೂ ಕುಮಟೆಗೂ ನಡುವಿನ ಒಂದು ಹಳ್ಳಿಯಲ್ಲಿ ನಾನು ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಸರಕಾರ ಬದಲಾಗಿದೆ ಎನ್ನುವುದು ನಮಗೆ ಪಗಾರ ತಡವಾದಾಗ ಮಾತ್ರ ಗೊತ್ತಾಗುತ್ತಿತ್ತು. ಶಾಲೆಯ ಮಗ್ಗುಲಿನ ಎರಡು ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಒಂದು ಕೋಣೆಯನ್ನು ಪುಣೆಯಮ್ಮನಿಗೆ ಬಿಟ್ಟುಕೊಡಬೇಕು ಎಂದು ಮೇಲಿನವರಿಂದ ಹೇಳಿಕೆ ಬಂತು. ನನಗೆ ಸಿಟ್ಟೇ ಬಂದಿತ್ತು. ಅವರು ಬಂದ ಮೇಲೆ ಆ ಸಿಟ್ಟು ಒಂದು ವಾರವೂ ಬಾಳಲಿಲ್ಲ.

ಅವರ ತಾಯಿ ಧಾರವಾಡ ಕಡೆಯವರು. ಹೀಗಾಗಿ ಅವರಿಗೆ ಕನ್ನಡ ಇತ್ತು, ನಮ್ಮ ಕನ್ನಡ ಇರಲಿಲ್ಲ. ಯಾವುದೋ ಅಭ್ಯಾಸ ಸಂಸ್ಥೆಯ ಪರವಾಗಿ ಕರಾವಳಿಯ ಹಳ್ಳಿಗಳನ್ನು ನೋಡಲು ಬಂದಿದ್ದರು. ಮೊದಲು ಭಟ್ಕಳ. ಅಲ್ಲಿಯ ಹೆಂಗಸರು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ತಿಂಡಿ ಕೊಟ್ಟು, ಪ್ರಶ್ನೆ ತೆಗೆದ ಕೂಡಲೇ "ಅದನ್ನೆಲ್ಲ ಗಂಡಸರನ್ನು ಕೇಳಿ" ಎಂದುಬಿಟ್ಟರಂತೆ. ಆಮೇಲೆ ತಾರಿ ದೋಣಿಯಲ್ಲಿ ಶರಾವತಿ ದಾಟಿ ಈಚೆಗೆ ಬಂದರು. ಹೊಸ ಪಂಚಾಯತಿ ಕಾಯ್ದೆ ಬಂದು ನಮ್ಮ ಊರಿಗೆ ಮೊದಲ ಚುನಾವಣೆ ಹತ್ತಿರವಾಗಿತ್ತು. ಗದ್ದೆ ಇದ್ದವನಿಗೂ ಒಂದೇ ಮತ, ಇಲ್ಲದವನಿಗೂ ಒಂದೇ ಮತ. ಇನ್ನು ಊರಲ್ಲಿ ಯಾರ ಮಾತು ನಡೆಯುತ್ತದೆ? ಇದು ಅವರಿಗೆ ತಿಳಿಯಬೇಕಾಗಿತ್ತು. ಇದನ್ನು ತಿಳಿಯಲು ಪುಣೆಯಿಂದ ಯಾಕೆ ಬರಬೇಕು, ನಾನೇ ಒಂದು ಕಾರ್ಡು ಬರೆದು ಹೇಳುತ್ತಿದ್ದೆನಲ್ಲ ಎಂದು ನಾನು ಚೇಷ್ಟೆ ಮಾಡಿದ್ದೆ. ಅವರು ನಗಲಿಲ್ಲ. ಪ್ರಶ್ನೆಯ ವಿಷಯದಲ್ಲಿ ಅವರಿಗೆ ತಮಾಷೆ ಸೇರುತ್ತಿರಲಿಲ್ಲ.

ಊರಿನ ಗದ್ದೆಯಲ್ಲಿ ಹೆಚ್ಚಿನ ಪಾಲು ಒಬ್ಬರದ್ದೇ. ಅವರನ್ನು ಎಲ್ಲರೂ ಒಡೇರು ಎನ್ನುತ್ತಿದ್ದರು. ಮುಂಬಯಿಯಲ್ಲಿ ಕಾಲೇಜು ಕಲಿತು ಬಂದವರು. ಅವರ ತಂದೆ ಗುಡುಗಿನಂತೆ ಬೈಯುತ್ತಿದ್ದರಂತೆ, ಇವರು ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ. ಶಾಲೆಗೆ ಗಡಿಯಾರ ಕೊಟ್ಟವರು, ಮಕ್ಕಳಿಗೆ ಪಾಟಿ ಕೊಟ್ಟವರು. ಪಂಚಾಯತಿಗೆ ಅವರೂ ನಿಂತಿದ್ದರು. ಎದುರಿಗೆ ರಸ್ತೆ ಬದಿಯ ಅಂಗಡಿಯವನು ನಿಂತಿದ್ದ. ಅವನ ಮಾತು ಒಂದೇ: "ನಂಗೆ ಹಾಕಿ, ಹಳ್ಳಕ್ಕೆ ಸಂಕ ಹಾಕಿಸ್ತೆ."

ಸಂಕ ಎಂದರೆ ಕಾಲುಸೇತುವೆ. ಹಳ್ಳದಾಚೆಯ ಕೇರಿಗೆ ಅದು ಜೀವದ ಮಾತು. ಮಳೆಗಾಲ ಹಿಡಿಯಿತೆಂದರೆ ಆ ಕೇರಿಯ ಮಕ್ಕಳು ಶಾಲೆಗೆ ಬರುವ ಹಾಗಿಲ್ಲ. ಹಿಂದಿನ ವರ್ಷ ಒಂದು ಹುಡುಗಿ ಕಾಲು ಜಾರಿ ನೀರಿಗೆ ಬಿದ್ದು, ಕೆಳಗಿನ ಗದ್ದೆಯ ಬೇಲಿಗೆ ಸಿಕ್ಕಿಕೊಂಡು ಬದುಕಿದ್ದಳು. ಆ ಹುಡುಗಿಯ ತಾಯಿಯೇ ನಮ್ಮ ಗೌಡ್ತಿ; ಆ ಕೇರಿಯ ಒಕ್ಕಲು ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುವುದು. ಗಂಡ ಸತ್ತ ಮೇಲೆ ಅವನು ಮಾಡುತ್ತಿದ್ದ ಗದ್ದೆಯನ್ನು ಒಡೇರಿಂದ ಗೇಣಿಗೆ ಹಿಡಿದು, ಒಬ್ಬಳೇ ಸಾಗಿಸಿಕೊಂಡು ಬಂದವಳು. ಮಾವನ ಕಾಲದಿಂದ ಆ ಗದ್ದೆ ಅವರ ಕೈಯಲ್ಲಿತ್ತು. ನಡುವೆ ಬಿಡುವಾದಾಗ ನನಗೆ ಬಸಳೆ ಸೊಪ್ಪು ತಂದು ಕೊಟ್ಟು, ಶಾಲೆಯ ಜಗಲಿಯಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕಿ ಹೋಗುವಳು.

ಪುಣೆಯಮ್ಮನಿಗೆ ಗೌಡ್ತಿ ಎಂದರೆ ಜೀವ. ಕಾರಣವೂ ಇತ್ತು. ಉಳಿದವರು "ಎಂತ ಗೊತ್ತಿಲ್ರಾ" ಎಂದು ಜಾರಿಕೊಳ್ಳುತ್ತಿದ್ದರು, ಅವಳೊಬ್ಬಳು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಒಂದು ದಿನ ಅವಳೇ ತಿರುಗಿ ಕೇಳಿದಳು, "ಅಮ್ಮಾ, ಪೆಟ್ಗೆಲಿ ಹಾಕಿದ್ದು ಒಡೇರಿಗೆ ಗೊತ್ತಾಗ್ತದಾ?"

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿತ್ರದ ಗುರುತು. ತಟ್ಟಿಯ ಮರೆಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಗೊತ್ತಾಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಈ ಹೆಂಗಸರು ನಂಬುವುದಿಲ್ಲ, ಮಾಡಿ ತೋರಿಸಬೇಕು ಎಂದು ಪುಣೆಯಮ್ಮ ಹಟ ಹಿಡಿದರು. ನನ್ನ ಎರಡು ಬಿಸ್ಕೀಟಿನ ಡಬ್ಬ ಹೋದವು. ಯಾವುದರ ಮೇಲೆ ಚುನಾವಣೆ ಮಾಡುವುದು ಎಂದು ನಾನು ಕೇಳಿದೆ. ಊರಲ್ಲಿ ಜಗಳವಿಲ್ಲದ ವಿಷಯ ಹೇಳಿ ಎಂದರು. ನಾನು ಒಂದು ಡಬ್ಬಕ್ಕೆ ಬಂಗಡೆ ಮೀನು ಬರೆದು ಅಂಟಿಸಿದೆ, ಇನ್ನೊಂದಕ್ಕೆ ತಾರ್ಲೆ ಮೀನು. ರುಚಿ ಯಾವುದಕ್ಕೆ ಹೆಚ್ಚು? ಮೀನು ತಿನ್ನದ ಪುಣೆಯಮ್ಮ ಚುನಾವಣಾಧಿಕಾರಿ.

ಹೆಂಗಸರು ಸಾಲಾಗಿ ಮರೆಗೆ ಹೋಗಿ ಹುಣಸೆಬೀಜ ಹಾಕಿ ಬಂದರು. ಬೀಜಗಳನ್ನು ನೆಲಕ್ಕೆ ಸುರಿದು, "ನೋಡ್ರೀ, ಇದರಾಗ ಯಾರದು ಯಾವುದು ಅಂತ ಯಾರಿಗರೆ ತಿಳೀತದೇನು?" ಎಂದು ಪುಣೆಯಮ್ಮ ಕೇಳಿದರು. ಎಲ್ಲರೂ ಬೆರಗಾಗಿ ಇಲ್ಲ ಎಂದರು. ಆ ಬೆರಗು ಮುಗಿಯುವ ಮೊದಲೇ ಗೌಡ್ತಿ, "ನಾ ತಾರ್ಲೆಗೆ ಹಾಕ್ದೆ!" ಎಂದಳು. "ನಂದು ಬಂಗಡೆ!" "ನಾನೂ ತಾರ್ಲೆಯೇ!" ಎಂದು ಉಳಿದವರೂ ಶುರು ಮಾಡಿದರು. ಒಂದು ಗುಟ್ಟೂ ಉಳಿಯಲಿಲ್ಲ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ದಿನದಷ್ಟು ಪುಣೆಯಮ್ಮ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಚುನಾವಣೆ ನಮ್ಮ ಶಾಲೆಯಲ್ಲೇ ನಡೆಯಿತು. ಒಡೇರು ಸುಲಭವಾಗಿ ಗೆದ್ದರು, ಅಂಗಡಿಯವನಿಗೆ ಬಿದ್ದದ್ದು ಅಷ್ಟಕ್ಕಷ್ಟೇ. ಪುಣೆಯಮ್ಮನಿಗೆ ಬೇಸರವೇನೂ ಇರಲಿಲ್ಲ. ಯಾರು ಗೆದ್ದರೆ ನನಗೇನು, ಹೆಂಗಸರು ಹೆದರದೆ ಹಾಕಿದರಲ್ಲ ಎಂದು ಖುಷಿಯಲ್ಲಿದ್ದರು. ಅದರ ಮಾರನೆಯ ದಿನವೇ ಗೌಡ್ತಿ ಶಾಲೆಯ ಜಗಲಿಗೆ ಬಂದು, ಭಾರ ಇಳಿಸಿದವಳ ಹಾಗೆ ಉಸಿರು ಬಿಟ್ಟು ಕೂತಳು.

"ಆತು ಅಕ್ಕೋರೆ. ಹೇಳಿ ಬಂದೆ."

"ಎಂತ ಹೇಳಿ ಬಂದ್ಯೆ?"

"ಒಡೇರಿಗೆ. ನಾ ನಿಮ್ಗೆ ಹಾಕ್ಲಿಲ್ಲ, ಸಂಕ ಹಾಕಿಸ್ತೆ ಹೇಳ್ದವ್ಗೆ ಹಾಕ್ದೆ, ತಪ್ಪಾತು ಅಂತ. ವೀಳ್ಯನೂ ಇಟ್ಟು ಬಂದೆ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದೇಹೋಯಿತು. "ಅಯ್ಯೋ ಮಾರಾಯ್ತಿ! ಗುಟ್ಟಿನ ಓಟು ಅದು! ಯಾರಿಗೂ ಗೊತ್ತಾಗ್ತಿರ್ಲಿಲ್ಲ!"

"ನಂಗೆ ಗೊತ್ತಿತ್ತಲ್ರಾ" ಎಂದಳು ಅವಳು. "ಉಂಡ ಮನೆಗೆ ಎರಡು ಬಗೀಬಾರ್ದು."

ಈ ವೀಳ್ಯದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕೇರಿಯಲ್ಲಿ ಗದ್ದೆ ಗೇಣಿಗೆ ಹಿಡಿಯುವುದು ಎಂದರೆ ಒಡೆಯನ ಕೈಯಿಂದ ಎಲೆ ಅಡಿಕೆ ಪಡೆಯುವುದು. ಕಾಗದವಿಲ್ಲ, ಸಹಿಯಿಲ್ಲ. ಒಕ್ಕಲಿನವರಿಂದ ಏನಾದರೂ ತಪ್ಪಾದರೆ, ದನ ನುಗ್ಗಿ ತೋಟ ಮೇಯ್ದರೆ, ಕರೆದ ದಿನ ಕೆಲಸಕ್ಕೆ ಹೋಗದಿದ್ದರೆ, ಅವರು ಎಲೆ ಅಡಿಕೆ ಒಯ್ದು ಒಡೆಯನ ಜಗಲಿಯ ಮೇಲಿಟ್ಟು, "ಗದ್ದೆ ನಿಮ್ದು, ತಪ್ಪು ನಮ್ದು" ಎಂದು ಹೇಳಿ ನಿಲ್ಲಬೇಕು. ಒಡೆಯ ಹೊಟ್ಟೆ ತುಂಬ ಬೈಯಬೇಕು. ಬೈದು ಮುಗಿದ ಮೇಲೆ ಅದೇ ವೀಳ್ಯವನ್ನು ಎತ್ತಿ, "ತಕ, ಹೋಗು, ಗದ್ದೆ ಮಾಡು" ಎಂದು ಕೊಟ್ಟುಬಿಡಬೇಕು. ಅಲ್ಲಿಗೆ ತಪ್ಪು ಮುಗಿಯಿತು. ಇಡುವವರಿಗೂ ಗೊತ್ತು, ಬೈಯುವವರಿಗೂ ಗೊತ್ತು. ದೊಡ್ಡ ಒಡೇರ ಕಾಲದಲ್ಲಿ ಗೌಡ್ತಿಯ ಮಾವ ಹೀಗೆ ಎಷ್ಟೋ ಸಲ ಬೈಸಿಕೊಂಡು ವೀಳ್ಯ ಹಿಡಿದು ಬಂದಿದ್ದನಂತೆ. ಇಟ್ಟ ವೀಳ್ಯವನ್ನು ಒಡೆಯ ಇಟ್ಟುಕೊಂಡದ್ದು ಮಾತ್ರ ಆ ಕೇರಿಯಲ್ಲಿ ಯಾರೂ ಕೇಳಿರಲಿಲ್ಲ.

"ಬೈದ್ರಾ?" ಎಂದೆ ನಾನು.

"ಇಲ್ಲ." ಅವಳ ಮುಖದಲ್ಲಿ ಮೊದಲ ಸಲ ಒಂದು ಗೊಂದಲ ಕಂಡಿತು. "ಎಂತದೂ ಹೇಳ್ಲಿಲ್ಲ. ಎಲೆ ಎತ್ಕಂಡು ಒಳಗೆ ಹೋದ್ರು. ಸಿಟ್ಟು ಇಳೀಲಿ, ಕೊಡ್ತ್ರು."

ಒಡೇರಿಗೆ ಸಿಟ್ಟು ಬಂದಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಇಳಿಯುತ್ತದೆ. ಅವರದ್ದು ಬುದ್ಧಿ. ಗೇಣಿ ಗದ್ದೆಯೆಲ್ಲ ಮುಂದೆ ಉಳುವವರ ಪಾಲಾಗುತ್ತದೆ, ಅಂಥ ಕಾನೂನು ಗಟ್ಟಿಯಾಗುತ್ತಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಒಕ್ಕಲನ್ನು ಬಿಡಿಸಲು ಊರೂರಲ್ಲಿ ಒಡೆಯರು ದಾರಿ ಹುಡುಕುತ್ತಿದ್ದ ಕಾಲ ಅದು. ಇವಳು ತಾನಾಗಿ ನಡೆದು ಬಂದು, ಕೂಲಿಯಾಳುಗಳ ಕಣ್ಣೆದುರು, ಗದ್ದೆ ನಿಮ್ಮದು ಎಂದು ಹೇಳಿ ಎಲೆ ಇಟ್ಟು ಹೋಗಿದ್ದಳು. ಬಡವರಿಗೆಂದು ಮಾಡಿದ ಕಾನೂನು ಬಡವರ ಮನೆ ತಲುಪುವ ಮೊದಲು ಒಡೆಯರ ಮನೆ ತಲುಪಿತ್ತು.

ಪುಣೆಯಮ್ಮನಿಗೆ ವಿಷಯ ಹೇಳಿದೆ. ಒಡನೆ ಚಪ್ಪಲಿ ಮೆಟ್ಟಿ ಒಡೇರ ಮನೆಗೆ ಹೊರಟರು, ನಾನು ಹಿಂದೆ. ಒಡೇರು ನಮ್ಮನ್ನು ಮರ್ಯಾದೆಯಿಂದ ಕೂರಿಸಿದರು. ಬೆಲ್ಲ ನೀರು ಬಂತು, ಪುಣೆಯ ಸುದ್ದಿ ವಿಚಾರಿಸಿದರು. ಪುಣೆಯಮ್ಮ ಗೌಡ್ತಿಯ ಹೆಸರೆತ್ತಿದ ಮೇಲೂ ಅವರ ದನಿ ಬದಲಾಗಲಿಲ್ಲ.

"ನೋಡಿ ಅಮ್ಮಾ, ಮತ ಅವಳದ್ದು, ಯಾರಿಗೆ ಬೇಕಾದರೂ ಹಾಕಲಿ. ಅದಕ್ಕೆ ನಾನು ಒಂದು ಮಾತು ಅಂದಿಲ್ಲ. ಗದ್ದೆಯನ್ನು ನಾನು ಬಿಡಿಸಿದ್ದಲ್ಲ, ಅವಳೇ ಬಿಟ್ಟದ್ದು."

"ಅದು ನಿಮ್ಮ ಪದ್ಧತಿ ಅದ ಅಲ್ರೀ? ನೀವು ತಿರುಗಿ ಕೊಡಬೇಕು."

"ಪದ್ಧತಿಗಳೆಲ್ಲ ಹೋಗಬೇಕು ಎಂದು ನಿಮ್ಮಂಥವರೇ ಬರೆಯುತ್ತೀರಿ" ಎಂದು ಒಡೇರು ಮೆಲ್ಲಗೆ ನಕ್ಕರು. "ನಾನು ಎಲ್ಲವನ್ನೂ ಕಾಯ್ದೆ ಪ್ರಕಾರ ಮಾಡುವವ. ತಾಲೂಕು ಕಚೇರಿಯಲ್ಲಿ ಮಾಮಲೇದಾರರು ಅವಳನ್ನು ಕೇಳುತ್ತಾರೆ. ಅವಳು ಹೇಳಿದ ಹಾಗೆ ಆಗಲಿ."

ಅದೊಂದೇ ಎಳೆ ಉಳಿದಿತ್ತು. ಒಕ್ಕಲು ಗದ್ದೆ ಬಿಟ್ಟರೆ, ತಮ್ಮ ಖುಷಿಯಿಂದ ಬಿಟ್ಟಿದ್ದಾರೋ ಇಲ್ಲವೋ ಎಂದು ಮಾಮಲೇದಾರರು ಮುಖ ನೋಡಿ ಕೇಳಬೇಕು, ಕಾಯ್ದೆಯಲ್ಲಿ ಹಾಗಿತ್ತು. ಖುಷಿಯಿಂದ ಬಿಟ್ಟದ್ದಲ್ಲ ಎಂದು ಗೌಡ್ತಿ ಒಂದು ಮಾತು ಹೇಳಿದರೆ ಗದ್ದೆ ಉಳಿಯುತ್ತಿತ್ತು. ಪುಣೆಯಮ್ಮ ಅವಳಿಗೆ ಬಗೆಬಗೆಯಾಗಿ ಹೇಳಿದರು. ಗಿಳಿಗೆ ಕಲಿಸುವ ಹಾಗೆ ನಾನೂ ಹೇಳಿಕೊಟ್ಟೆ. ಅವಳು ಎಲ್ಲವನ್ನೂ ಕೇಳಿ, "ಹೌದ್ರಾ... ಹೌದ್ರಾ..." ಎಂದಳು.

ಹೊನ್ನಾವರದ ಕಚೇರಿಗೆ ಹೋದ ದಿನ ಅವಳು ತೊಳೆದ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡು, ಮದುವೆಗೆ ಹೊರಟವಳ ಹಾಗೆ ಬಂದಿದ್ದಳು. ಮಾಮಲೇದಾರರು ಕೆಟ್ಟವರಾಗಿರಲಿಲ್ಲ. ಅವಸರವನ್ನೂ ಮಾಡಲಿಲ್ಲ. ನಿನ್ನನ್ನು ಯಾರಾದರೂ ಹೆದರಿಸಿದರೇ ಎಂದು ಕೇಳಿದರು. ಇಲ್ಲ ಎಂದಳು. ಯಾರಾದರೂ ಹೇಳಿಕೊಟ್ಟರೇ? ಇಲ್ಲ. ನೀನಾಗಿಯೇ ಹೋಗಿ ಬಿಟ್ಟೆಯಾ? ಅವಳು ಒಡೇರತ್ತ ನೋಡಿದಳು. ಒಡೇರು ತಲೆ ತಗ್ಗಿಸಿ ಕೂತಿದ್ದರು.

"ಹೌದು. ನಾನೇ ಇಟ್ಟೆ."

ಪುಣೆಯಮ್ಮ ತಡೆಯಲಾರದೆ ಎದ್ದು ನಿಂತರು. "ಸಾಹೇಬ್ರ, ಆಕಿಗೆ ತಿಳಿದಿಲ್ಲ, ನಾ ಹೇಳ್ತೀನಿ..." ಮಾಮಲೇದಾರರು ಕನ್ನಡಕ ತೆಗೆದು ನೋಡಿದರು. ನೀವು ಯಾರು, ಇವಳ ಪರವಾಗಿ ಬಂದವರೇ ಎಂದು ಕೇಳಿದರು. ಈ ಪ್ರಶ್ನೆಗೆ ಪುಣೆಯಮ್ಮ ಊರಿಗೆ ಬಂದಾಗಿನಿಂದ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದರು. ಅದೇ ಅಭ್ಯಾಸದಲ್ಲಿ ಬಾಯಿಂದ ಬಂದುಹೋಯಿತು: "ಇಲ್ರೀ... ನಾ ಯಾರ ಪರಾನೂ ಅಲ್ಲ. ಅಭ್ಯಾಸ ಮಾಡ್ಲಿಕ್ಕೆ ಬಂದೀನಿ."

"ಹಾಗಾದರೆ ಕೂತುಕೊಂಡು ಅಭ್ಯಾಸ ಮಾಡಿ" ಎಂದರು ಮಾಮಲೇದಾರರು. ವ್ಯಂಗ್ಯವೇನೂ ಇರಲಿಲ್ಲ. ಗೌಡ್ತಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಸ್ತೆಯಲ್ಲೇ ಅವಳನ್ನು ಹಿಡಿದು ನಿಲ್ಲಿಸಿ, ನಿನಗೆ ಮಕ್ಕಳಿಲ್ಲವೇ, ತಲೆ ಕೆಟ್ಟಿದೆಯೇ ಎಂದು ಬೈದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು.

"ಅಕ್ಕೋರೆ, ಸಾಯೇಬ್ರ ಎದ್ರಿಗೆ ಒಡೇರ ಮೇಲೆ ದೂರು ಹೇಳಿದ್ರೆ, ಮತ್ತೆ ಅವ್ರು ವೀಳ್ಯ ಹ್ಯಾಂಗೆ ಕೊಡ್ತ್ರು?"

ಅವಳ ಲೆಕ್ಕದಲ್ಲಿ ಗದ್ದೆ ಹೋಗಿರಲೇ ಇಲ್ಲ. ಒಡೇರ ಕೈಯಲ್ಲಿತ್ತು, ತಿರುಗಿ ಬರುವುದಿತ್ತು. ನಾವು ಹೇಳಿಕೊಟ್ಟ ಮಾತೇ ಅವಳ ಪಾಲಿಗೆ ಗದ್ದೆ ಕಳೆಯುವ ಮಾತು. ಅಷ್ಟು ಓದಿದ, ಅಷ್ಟು ಕಾಯ್ದೆ ತಿಳಿದ ಪುಣೆಯಮ್ಮ ಹೊನ್ನಾವರದ ಆ ರಸ್ತೆಯ ಬದಿಯಲ್ಲಿ ಬಸ್ಸಿನ ದಾರಿ ನೋಡುತ್ತ ನಿಂತರು. ಬಸ್ಸು ಬಂತು, ಹತ್ತಿದೆವು. ದಾರಿಯುದ್ದಕ್ಕೂ ಗೌಡ್ತಿಯೊಬ್ಬಳೇ ಮಾತಾಡಿದಳು.

ಮಳೆ ಹಿಡಿಯಿತು. ಒಡೇರು ಆಳು ಹಚ್ಚಿ ಆ ಗದ್ದೆ ಹೂಡಿಸಿದರು. ಸಸಿ ನೆಟ್ಟಿಗೆ ಜನ ಬೇಕಾದಾಗ ಗೌಡ್ತಿಗೂ ಕರೆ ಬಂತು. ಅವಳು ಹೋದಳು, ದಿನಗೂಲಿಗೆ. ಶಾಲೆಯ ಕಿಟಕಿಯಿಂದ ಆ ಗದ್ದೆ ಕಾಣುತ್ತಿತ್ತು. ಅವಳು ಬಾಗಿ ಸಸಿ ಊರುತ್ತ ಹಿಂದೆ ಹಿಂದೆ ಸರಿಯುತ್ತಿದ್ದುದನ್ನು ನೋಡುತ್ತ ಪುಣೆಯಮ್ಮ ಆ ಕಿಟಕಿಯ ಬಳಿ ನಿಂತೇ ಇದ್ದರು. ಆಮೇಲೆ ತಮ್ಮ ಅಭ್ಯಾಸದ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಗೇಣಿ ಬಿಟ್ಟವರ ವಿಷಯಕ್ಕೆ ಅದರಲ್ಲಿ ಎರಡೇ ಖಾನೆ: ಒತ್ತಾಯದಿಂದ, ಸ್ವಇಚ್ಛೆಯಿಂದ. "ಈಕಿನ್ನ ಎಲ್ಲಿ ಬರೀಲ್ರೀ?" ಎಂದು ಕೇಳಿದರು. ಅವರು ಕೊನೆಗೆ ಎಲ್ಲಿ ಬರೆದರೋ ನನಗೆ ಗೊತ್ತಿಲ್ಲ. ಆ ಸಂಜೆ ಅವರು ಅತ್ತರು. ನಾನು ಅವರ ಬೆನ್ನು ಸವರುತ್ತ ಕೂತಿದ್ದೆ.

ಹೊರಡುವ ದಿನ ಕುಮಟೆಯ ಬಸ್ ನಿಲ್ದಾಣದಲ್ಲಿ, "ನಾ ಈ ಊರಿಗೆ ಬರದೇ ಇದ್ದಿದ್ರ ಆಕಿ ಗದ್ದಿ ಆಕಿಗೆ ಇರ್ತಿತ್ತಲ್ರೀ" ಎಂದರು. ಅಷ್ಟರಲ್ಲಿ ಕಂಡಕ್ಟರ್ ಹತ್ತಿ ಹತ್ತಿ ಎಂದು ಕೂಗಿದ.

ಮರುವರ್ಷವೇ ಹಳ್ಳಕ್ಕೆ ಸಂಕವಾಯಿತು. ಹಾಕಿಸಿದವರು ಒಡೇರೇ. ಕಲ್ಲಿನ ಕಂಬದ, ಗಟ್ಟಿ ಸಂಕ. ಗೌಡ್ತಿಯ ಮಗಳು ಅದರ ಮೇಲೆ ಓಡುತ್ತ ಶಾಲೆಗೆ ಬಂದಳು, ಗೌಡ್ತಿ ಅದರ ಮೇಲೇ ಕೂಲಿಗೆ ಹೋದಳು. ಒಡೇರು ಒಳ್ಳೆಯವರೋ ಕೆಟ್ಟವರೋ ಎಂದು ಯಾರಾದರೂ ಕೇಳಿದರೆ ನನಗೆ ತಲೆಬಿಸಿಯಾಗುತ್ತದೆ. ಹಬ್ಬಕ್ಕೆ ಅವಳಿಗೆ ಸೀರೆ ಕೊಟ್ಟರು, ಹುಷಾರಿಲ್ಲದಾಗ ಔಷಧ ಕೊಟ್ಟರು. ಪ್ರತಿ ವರ್ಷ ಮಳೆಗೆ ಮುಂಚೆ ಅವಳು ಏನಾದರೂ ನೆಪ ಮಾಡಿ ಅವರ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ಅವರು ಕೊಟ್ಟ ತೆಂಗಿನಕಾಯಿಯೋ ಬೆಲ್ಲವೋ ಹಿಡಿದು ಬರುತ್ತಿದ್ದಳು. ವೀಳ್ಯ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಉಳುವವರಿಗೆ ಭೂಮಿ ನಿಜವಾಗಿಯೂ ಬಂದಾಗ ಅಕ್ಕಪಕ್ಕದ ಗದ್ದೆಯವರೆಲ್ಲ ಒಡೆಯರಾದರು. ಅವಳ ಹೆಬ್ಬೆಟ್ಟು ಮೊದಲೇ ಬಿದ್ದಾಗಿತ್ತು.

ಪುಣೆಯಮ್ಮ ಮತ್ತೆ ನಮ್ಮ ಕಡೆ ಬರಲಿಲ್ಲ. ಆದರೆ ಪ್ರತಿ ಮಳೆಗಾಲದ ಮೊದಲು ಅವರ ಒಂದು ಕಾರ್ಡು ಬರುತ್ತಿತ್ತು. ಆರೋಗ್ಯ, ಹವೆ, ನನ್ನ ವರ್ಗಾವಣೆ, ಅದೂ ಇದೂ. ಕೊನೆಯ ಸಾಲು ಮಾತ್ರ ಎಂದೂ ಬದಲಾಗಲಿಲ್ಲ: ವೀಳ್ಯ ಕೊಟ್ಟರೇನ್ರೀ? ನಾನು ಇಲ್ಲ ಎಂದು ಬರೆಯುತ್ತಿದ್ದೆ. ಅವರ ಅಕ್ಷರ ವರ್ಷದಿಂದ ವರ್ಷಕ್ಕೆ ನಡುಗುತ್ತ ಬಂತು, ನಾನು ಇಲ್ಲ ಎಂದೇ ಬರೆದೆ. ಗೌಡ್ತಿ ತೀರಿಕೊಂಡಾಗ ಅದನ್ನು ಬರೆಯಲು ನನಗೆ ಕೈ ಬರಲಿಲ್ಲ, ಮುಂದಿನ ಕಾರ್ಡು ಬರಲಿ, ಉತ್ತರದಲ್ಲಿ ಬರೆದರಾಯಿತು ಎಂದು ಕಾದೆ.

ಈಗ ಅವರಿಬ್ಬರೂ ಇಲ್ಲ. ಒಡೇರೂ ಇಲ್ಲ. ಈ ಮಾತು ತಿಳಿದವಳು ನಾನೊಬ್ಬಳೇ ಉಳಿದಿದ್ದೇನೆ, ನನ್ನನ್ನು ಕೇಳುವವರಿಲ್ಲ. ಮೇ ತಿಂಗಳ ಕೊನೆಗೆ ಅಂಚೆಯವನು ಗೇಟಿನ ಹತ್ತಿರ ನಿಂತರೆ ಈಗಲೂ ಎದ್ದು ಬಾಗಿಲವರೆಗೆ ಹೋಗುತ್ತೇನೆ. ಗೌಡ್ತಿ ಹೋದ ಆ ವರ್ಷ ಕಾರ್ಡು ಬರಲಿಲ್ಲ. ಪುಣೆಯಮ್ಮ ಚಳಿಗಾಲದಲ್ಲೇ ಹೋಗಿಬಿಟ್ಟಿದ್ದರು ಎಂದು ಬಹಳ ತಡವಾಗಿ ತಿಳಿಯಿತು. ಆ ವರ್ಷ ಮಾತ್ರ, ವೀಳ್ಯ ಕೊಟ್ಟರು ಎಂದು ಬರೆಯಬೇಕು ಅಂತ ಇದ್ದೆ.